ಕನ್ಸೋಲ್ ಗೇಮ್ ಮಕ್ಕಳಿಗೆ, ಕಂಪ್ಯೂಟರ್ ಗೇಮ್ ದೊಡ್ಡವರಿಗೆ ಅನ್ನುವುದು ನಿಜವೇ?

ಹನ್ನೊಂದು ವರ್ಷದ ಮಗ ಪ್ಲೇಸ್ಟೇಷನ್ ಬೇಕೆಂದು ಹಟ ಹಿಡಿದಿದ್ದಾನೆ, ಮನೆಯಲ್ಲಿ ಕಂಪ್ಯೂಟರನ್ನೇ ಕೊಡಿಸೋಣ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಕನ್ಸೋಲ್ (ಪ್ಲೇಸ್ಟೇಷನ್ನಿನಂತೆ ಟಿವಿಗೆ ಜೋಡಿಸಿ ಆಡುವ, ಆಟಕ್ಕೆಂದೇ ಇರುವ ಯಂತ್ರ) ಗೇಮ್‌ಗಳು ಚಿಕ್ಕವರಿಗೆಂದೇ ಮಾಡಿದವು, ಕಂಪ್ಯೂಟರ್ ಗೇಮ್‌ಗಳು ದೊಡ್ಡವರವು, ಆದ್ದರಿಂದ ಪ್ಲೇಸ್ಟೇಷನ್ನೇ ವಾಸಿ ಎಂದು ಪರಿಚಯದವರೊಬ್ಬರು ಹೇಳಿದರಂತೆ. ಇದು ನಿಜವೇ ಎಂಬುದು ನಿಮ್ಮ ಪ್ರಶ್ನೆ.

ಈಗ ನಿಜವಲ್ಲ. ಒಂದು ಕಾಲದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು. ಆ ಕಾಲ ತೊಂಬತ್ತರ ದಶಕದ ನಡುವಿಗೇ ಮುಗಿಯಿತು, ಮಾತು ಮಾತ್ರ ಉಳಿದುಕೊಂಡಿದೆ. ಅದನ್ನೇ ನಂಬಿ ಪ್ರೈಮರಿ ಶಾಲೆಯ ಮಕ್ಕಳ ಕೈಗೆ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ಎಂಬ ಹೊಡೆದಾಟ, ಕಳ್ಳತನದ ಗೇಮಿನ ಡಿಸ್ಕ್ ಕೊಟ್ಟ ತಂದೆ ತಾಯಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಮಾತು ಹುಟ್ಟಿದ್ದು ಅಮೆರಿಕದಲ್ಲಿ. 1983ರಲ್ಲಿ ಅಲ್ಲಿನ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದುಬಿತ್ತು. ಅಟಾರಿ ಎಂಬ ಕಂಪನಿಯ ಕಾಲದ ಗೇಮ್ ಕಾರ್ಟ್ರಿಜ್‌ಗಳು ಅಂಗಡಿಗಳಲ್ಲಿ ಧೂಳು ತಿನ್ನುತ್ತ ಬಿದ್ದಿದ್ದವು. ವಿಡಿಯೋ ಗೇಮ್ ಎಂದರೆ ಸಾಕು, ಅಂಗಡಿಯವರು ಕೈ ಮುಗಿಯುತ್ತಿದ್ದರು. ಅದೇ ವರ್ಷ ಜಪಾನಿನಲ್ಲಿ ಬಿಡುಗಡೆಯಾಗಿದ್ದ ಫ್ಯಾಮಿಕಾಮ್ ಎಂಬ ಕನ್ಸೋಲನ್ನು ನಿಂಟೆಂಡೊ ಕಂಪನಿ 1985ರಲ್ಲಿ ಅಮೆರಿಕಕ್ಕೆ ತಂದಾಗ ಅದಕ್ಕೆ ಆಟಿಕೆಯ ವೇಷ ಹಾಕಬೇಕಾಯಿತು. ರಾಬ್ ಎಂಬ ಪುಟ್ಟ ರೋಬೊ, ಒಂದು ಪ್ಲಾಸ್ಟಿಕ್ ಬಂದೂಕು ಜೊತೆಗಿಟ್ಟು ಆಟಿಕೆಗಳ ಸಾಲಿನಲ್ಲೇ ಮಾರಿದರು. ಗೇಮನ್ನು ಯಾವ ಕಂಪನಿಯೇ ಮಾಡಲಿ, ನಿಂಟೆಂಡೊ ಒಪ್ಪಬೇಕು. ರಕ್ತ, ನಗ್ನತೆ, ಶಿಲುಬೆಯಂಥ ಧಾರ್ಮಿಕ ಚಿಹ್ನೆ, ಎಲ್ಲಕ್ಕೂ ಕತ್ತರಿ. ಹೀಗೆ ಕನ್ಸೋಲ್ ಎಂದರೆ ಮಕ್ಕಳದ್ದು ಎಂಬುದು ವ್ಯಾಪಾರಕ್ಕೋಸ್ಕರ ಬೇಕೆಂದೇ ಕಟ್ಟಿದ ಹೆಸರು.

ಅದೇ ಹೊತ್ತಿನಲ್ಲಿ ಕಂಪ್ಯೂಟರ್ ಅಪ್ಪನ ಕೆಲಸದ ಮೇಜಿನ ಮೇಲಿತ್ತು. ಬೆಲೆ ಸಾಮಾನ್ಯವಾಗಿ ಕನ್ಸೋಲಿನ ಹಲವು ಪಟ್ಟು. ಅದರ ಮುಂದೆ ಕೂರುವವರು ದೊಡ್ಡವರಾದ್ದರಿಂದ ಗೇಮ್‌ಗಳೂ ಅವರ ರುಚಿಯವೇ ಆದವು: 1982ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, 1989ರ ಸಿಮ್‌ಸಿಟಿ, 1991ರ ಸಿವಿಲೈಸೇಶನ್. 1987ರಲ್ಲಿ ಬಂದ ಲೆಷರ್ ಸೂಟ್ ಲ್ಯಾರಿ ಎಂಬ ಪೋಲಿ ಗೇಮು ಶುರುವಾಗುವ ಮೊದಲು ದೊಡ್ಡವರಿಗಷ್ಟೇ ಗೊತ್ತಿರುವಂಥ ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು ಕೇಳುತ್ತಿತ್ತು. ಸರಿಯುತ್ತರ ಕೊಟ್ಟರಷ್ಟೇ ಒಳಕ್ಕೆ. ಆದರೆ ಆಗಲೂ ಕಂಪ್ಯೂಟರ್ ಬರೀ ದೊಡ್ಡವರದಾಗಿರಲಿಲ್ಲ. ಮಕ್ಕಳಿಗೆ ಭೂಗೋಳ ಕಲಿಸುವ ಕಾರ್ಮೆನ್ ಸ್ಯಾಂಡಿಯೇಗೊ ಸರಣಿ 1985ರಲ್ಲಿ ಶುರುವಾದದ್ದು ಕಂಪ್ಯೂಟರಿನ ಮೇಲೆಯೇ.

ಈ ಮಾತು ಮುರಿದದ್ದು 1993ರಲ್ಲಿ. ಕಾಸು ಹಾಕಿ ಆಡುವ ಆರ್ಕೇಡಿನಲ್ಲಿ ಹೆಸರು ಮಾಡಿದ್ದ ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಗೇಮ್ ಮನೆಯ ಕನ್ಸೋಲಿಗೆ ಬಂತು. ನಿಂಟೆಂಡೊದ ಸೂಪರ್ ನಿಂಟೆಂಡೊ ಕನ್ಸೋಲಿನಲ್ಲಿ ರಕ್ತ ತೆಗೆದು ಬೂದು ಬಣ್ಣದ ಬೆವರು ಹಾಕಿದರು. ಅದರ ಎದುರಾಳಿ ಕಂಪನಿ ಸೆಗಾದ ಜೆನೆಸಿಸ್ ಕನ್ಸೋಲಿನಲ್ಲಿ ಕೆಲವು ಬಟನ್‌ಗಳನ್ನು ಗುಟ್ಟಿನ ಕ್ರಮದಲ್ಲಿ ಒತ್ತಿದರೆ ರಕ್ತ ಬರುತ್ತಿತ್ತು. ಹೆಚ್ಚು ಮಾರಾಟವಾದದ್ದು ಸೆಗಾದ್ದು. ಅಮೆರಿಕದ ಸೆನೆಟ್‌ನಲ್ಲಿ ಸೆನೆಟರ್‌ಗಳಾದ ಜೋ ಲೀಬರ್‌ಮನ್, ಹರ್ಬ್ ಕೋಲ್ ಮುಂದಾಳತ್ವದಲ್ಲಿ 1993ರ ಡಿಸೆಂಬರ್ 9ರಂದು ವಿಚಾರಣೆ ನಡೆಯಿತು. ಅಲ್ಲಿ ಮಕ್ಕಳ ಆಟಿಕೆಯಲ್ಲಿ ಇಂಥ ಹಿಂಸೆಯೇ ಎಂದು ಬೆಟ್ಟು ತೋರಿಸಿದ್ದು ಕನ್ಸೋಲ್ ಗೇಮ್‌ಗಳತ್ತಲೇ. ಮರುದಿನ, ಡಿಸೆಂಬರ್ 10ರಂದು, ಕಂಪ್ಯೂಟರಿನಲ್ಲಿ ಡೂಮ್ ಎಂಬ ರಕ್ತಮಯ ಗುಂಡಿನ ಕಾಳಗದ ಗೇಮ್ ಬಿಡುಗಡೆಯಾಯಿತು. ಅದರ ಮೊದಲ ಭಾಗ ಪುಕ್ಕಟೆ. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಯಾವ ಹುಡುಗನ ಕೈಗೆ ಬೇಕಾದರೂ ಸೇರಬಹುದಿತ್ತು. ಯಂತ್ರ ನೋಡಿ ವಯಸ್ಸು ಅಳೆದರೆ ಏನಾಗುತ್ತದೆ ಎಂಬುದಕ್ಕೆ ಈ ಎರಡು ದಿನಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆ ಗದ್ದಲದ ಫಲವಾಗಿ 1994ರಲ್ಲಿ ಇಎಸ್‌ಆರ್‌ಬಿ ಎಂಬ ವಯಸ್ಸಿನ ಮುದ್ರೆ ಹಾಕುವ ಮಂಡಳಿ ಹುಟ್ಟಿತು. ಗೇಮ್ ಕನ್ಸೋಲಿನದಾದರೂ ಕಂಪ್ಯೂಟರಿನದಾದರೂ ಮುದ್ರೆ ಒಂದೇ.

ಅದೇ ವರ್ಷದ ಡಿಸೆಂಬರಿನಲ್ಲಿ ಸೋನಿ ಜಪಾನಿನಲ್ಲಿ ಪ್ಲೇಸ್ಟೇಷನ್ ತಂದಿತು. ಮಾರಿಯೋ ಆಡಿ ಬೆಳೆದ ಮಕ್ಕಳು ಅಷ್ಟು ಹೊತ್ತಿಗೆ ಇಪ್ಪತ್ತರ ಆಸುಪಾಸಿನಲ್ಲಿದ್ದರು, ಸೋನಿ ಕಣ್ಣಿಟ್ಟದ್ದು ಅವರ ಮೇಲೆ. ಬ್ರಿಟನ್ನಿನಲ್ಲಿ ಅದನ್ನು ನೈಟ್‌ಕ್ಲಬ್‌ಗಳ ಒಳಗೇ ಇಟ್ಟು ಪ್ರಚಾರ ಮಾಡಿದರು. ರೆಸಿಡೆಂಟ್ ಈವಿಲ್ 1996ರಲ್ಲಿ, ಮೆಟಲ್ ಗಿಯರ್ ಸಾಲಿಡ್ 1998ರಲ್ಲಿ ಬಂದವು. ಎರಡೂ ಮೊದಲು ಬಂದದ್ದು ಪ್ಲೇಸ್ಟೇಷನ್ನಿಗೆ, ಎರಡೂ ಮಕ್ಕಳವಲ್ಲ.

ಅಲ್ಲಿಂದ ಈಚೆಗೆ ಲೆಕ್ಕ ತಲೆಕೆಳಗು. ಗ್ರ್ಯಾಂಡ್ ಥೆಫ್ಟ್ ಆಟೊ 3 ಮೊದಲು ಬಂದದ್ದು 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ, ಕಂಪ್ಯೂಟರಿಗೆ ಮರುವರ್ಷ. ಜಿಟಿಎ 5 ಕನ್ಸೋಲಿಗೆ 2013ರಲ್ಲಿ, ಕಂಪ್ಯೂಟರಿಗೆ 2015ರಲ್ಲಿ. ಮೊದಲ ರೆಡ್ ಡೆಡ್ ರಿಡೆಂಪ್ಷನ್ 2010ರಲ್ಲೇ ಕನ್ಸೋಲಿನಲ್ಲಿತ್ತು, ಕಂಪ್ಯೂಟರಿನವರು 2024ರವರೆಗೆ ಕಾಯಬೇಕಾಯಿತು. ದ ಲಾಸ್ಟ್ ಆಫ್ ಅಸ್ ಹತ್ತು ವರ್ಷ ತಡ. ಇವೆಲ್ಲಕ್ಕೂ ಅಮೆರಿಕದಲ್ಲಿ ಇರುವ ಮುದ್ರೆ ‘ಎಂ’, ಅಂದರೆ ಹದಿನೇಳು ದಾಟಿದವರಿಗೆ.

ಇನ್ನು ನಿಜವಾಗಿ ಚಿಕ್ಕ ಮಕ್ಕಳು ಮುಗಿಬಿದ್ದು ಆಡುವ ಗೇಮ್‌ಗಳು ಎಲ್ಲಿ ಹುಟ್ಟಿದವು ನೋಡಿ. ರೋಬ್ಲಾಕ್ಸ್ 2006ರಲ್ಲಿ ಕಂಪ್ಯೂಟರಿಗೆ ಬಂತು, ಪ್ಲೇಸ್ಟೇಷನ್ನಿಗೆ ಕಾಲಿಟ್ಟದ್ದು 2023ರಲ್ಲಿ. ಮೈನ್‌ಕ್ರಾಫ್ಟ್ 2009ರಿಂದ ಕಂಪ್ಯೂಟರಿನಲ್ಲಿ ಬೆಳೆಯಿತು, ಮೊದಲ ಕನ್ಸೋಲ್ ಆವೃತ್ತಿ 2012ರಲ್ಲಿ. ನಿಂಟೆಂಡೊ ಮಾತ್ರ ಇವತ್ತಿಗೂ ಮಕ್ಕಳನ್ನು ಮರೆತಿಲ್ಲ, ಹಾಗಾಗಿ ಹಳೆಯ ಮಾತಿಗೆ ಅಲ್ಲಿ ಒಂದಿಷ್ಟು ಜೀವ ಉಳಿದಿದೆ. ಆದರೆ ಅದೂ 2014ರಲ್ಲಿ ಬೇಯೊನೆಟ್ಟಾ 2 ಎಂಬ ‘ಎಂ’ ಮುದ್ರೆಯ ಗೇಮನ್ನು ತಾನೇ ಪ್ರಕಟಿಸಿತು.

ನನ್ನ ತಿಳಿವಳಿಕೆ ಏನೆಂದರೆ, ಯಂತ್ರ ಯಾರ ದುಡ್ಡಿನಲ್ಲಿ ಮನೆಗೆ ಬರುತ್ತದೆ, ಯಾವ ಕೋಣೆಯಲ್ಲಿ ಕೂರುತ್ತದೆ ಎಂಬುದರ ಮೇಲೆ ಅದರ ಮುಂದೆ ಯಾವ ವಯಸ್ಸಿನವರು ಸೇರುತ್ತಾರೆ ಎಂಬುದು ನಿಂತಿದೆ. ಚೀನಾ 2000ದಲ್ಲಿ ಮಕ್ಕಳು ಹಾಳಾಗುತ್ತಾರೆಂದು ಕನ್ಸೋಲ್ ಮಾರಾಟವನ್ನೇ ನಿಷೇಧಿಸಿತು, ದೇಶದಾದ್ಯಂತ ಅದು ತೆರವಾದದ್ದು 2015ರಲ್ಲಿ. ಮಕ್ಕಳೇನು ಆಟ ಬಿಟ್ಟರೇ? ಇಂಟರ್‌ನೆಟ್ ಕೆಫೆಗೆ ಹೋಗಿ ಕಂಪ್ಯೂಟರಿನಲ್ಲಿ ಆಡಿದರು. ದಕ್ಷಿಣ ಕೊರಿಯಾದಲ್ಲಿ ಪಿಸಿ ಬಾಂಗ್ ಎಂಬ ಕಂಪ್ಯೂಟರ್ ಅಂಗಡಿಗಳು ಬೀದಿಬೀದಿಯಲ್ಲಿ. ಅಲ್ಲಿ 2011ರಲ್ಲಿ ಹದಿನಾರರ ಒಳಗಿನವರು ನಡುರಾತ್ರಿಯಿಂದ ಬೆಳಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಆಡಬಾರದೆಂದು ಕಾನೂನೇ ಬಂತು, ಅದು ಮುಖ್ಯವಾಗಿ ಗುರಿಯಿಟ್ಟದ್ದು ಕಂಪ್ಯೂಟರ್ ಗೇಮ್‌ಗಳಿಗೆ. ಆ ಕಾನೂನಿನ ಸಿಕ್ಕಿನಿಂದ 2021ರಲ್ಲಿ ಮೈನ್‌ಕ್ರಾಫ್ಟೇ ಕೊರಿಯಾದಲ್ಲಿ ದೊಡ್ಡವರಿಗೆ ಮಾತ್ರ ಎಂಬಂತಾಯಿತು. ಜನ ರೇಗಿದರು, ಸರ್ಕಾರ 2022ರ ಮೊದಲ ದಿನದಿಂದ ಕಾನೂನನ್ನು ಕೈಬಿಟ್ಟಿತು.

ನಮ್ಮಲ್ಲಿ ಹೇಗಿತ್ತು? ನಾನು ಬೆಳೆದ ದಾವಣಗೆರೆಯಲ್ಲಿ ತೊಂಬತ್ತರ ದಶಕದಲ್ಲಿ ಕನ್ಸೋಲ್ ಎಂಬ ಪದವೇ ಯಾರ ಬಾಯಲ್ಲೂ ಇರಲಿಲ್ಲ. ‘ವಿಡಿಯೋ ಗೇಮ್’, ಅಷ್ಟೇ. ಫ್ಯಾಮಿಕಾಮ್ ಮಾದರಿಯ ಪೆಟ್ಟಿಗೆಗಳು ಲಿಟಲ್ ಮಾಸ್ಟರ್, ಸಮುರಾಯ್ ಮುಂತಾದ ಹೆಸರುಗಳಲ್ಲಿ ಬರುತ್ತಿದ್ದವು. ಬೇಸಿಗೆ ರಜೆಯಲ್ಲಿ ಬಾಡಿಗೆಗೆ ತಂದು ಮಾರಿಯೋ, ಕಾಂಟ್ರಾ ಆಡಿದ್ದೇ ಆಡಿದ್ದು. ಆಗ ಅದು ಹುಡುಗರ ವಸ್ತು, ನಿಜ. ಆಮೇಲೆ ಮಗನ ಓದಿಗೆ ಅನುಕೂಲ ಎಂದು ಅಸೆಂಬಲ್ಡ್ ಕಂಪ್ಯೂಟರ್ ಬಂದವು; ಹುಡುಗರು ಅದರಲ್ಲಿ ಮೊದಲು ಕಲಿತದ್ದು ಡೇಂಜರಸ್ ಡೇವ್, ರೋಡ್ ರಾಶ್, ಸ್ವಲ್ಪ ಬೆಳೆದ ಮೇಲೆ ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್, ಮನೆಯಲ್ಲಿ ಜಿಟಿಎ ವೈಸ್ ಸಿಟಿ. ವೈಸ್ ಸಿಟಿಯ ಮೇಲೂ ‘ಎಂ’ ಮುದ್ರೆ ಇತ್ತು, ಆದರೆ ನಕಲಿ ಸಿಡಿಯ ಮೇಲೆ ಮಾರ್ಕರಿನಲ್ಲಿ ಬರೆದ ಹೆಸರು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅಸಲಿ ಪ್ಲೇಸ್ಟೇಷನ್ ಕೊಂಡವರು, ನನಗೆ ಗೊತ್ತಿರುವ ಮಟ್ಟಿಗೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಸ್ವಂತ ಸಂಬಳ ಎಣಿಸಿದವರು. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಇಲ್ಲಿಗೆ ಬಂದಾಗ ಡಿಸ್ಕ್ ಹಾಕುವ ಮಾದರಿಯ ಬೆಲೆ 49,990 ರೂಪಾಯಿ. ಅದು ಮಕ್ಕಳ ಆಟಿಕೆಯ ಬೆಲೆಯಲ್ಲ. ಬಾಡಿಗೆ ಪೆಟ್ಟಿಗೆಗಳ ಕಾಲ ಮುಗಿದ ಮೇಲೆ ನಮ್ಮ ತಲೆಮಾರಿನಲ್ಲಿ ಕಂಪ್ಯೂಟರ್ ಗೇಮೇ ಎಳೆಯರದ್ದು, ಕನ್ಸೋಲ್ ದುಡಿಯುವವರದ್ದು. ಅಮೆರಿಕದ ಮಾತು ನಮ್ಮ ಊರಿಗೆ ಹೊಂದುವುದೇ ಇಲ್ಲ.

ಹಾಗಂತ ಎರಡರ ನಡುವೆ ವ್ಯತ್ಯಾಸವೇ ಇಲ್ಲ ಅನ್ನುವುದಿಲ್ಲ. ಕನ್ಸೋಲಿಗೆ ಬಾಗಿಲು ಕಾಯುವವರಿದ್ದಾರೆ. ಇಎಸ್‌ಆರ್‌ಬಿ ‘ದೊಡ್ಡವರಿಗೆ ಮಾತ್ರ’ ಎಂಬ ಕಡೆಯ ಮುದ್ರೆ ಒತ್ತಿದ ಗೇಮನ್ನು ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂವರೂ ತಮ್ಮ ಯಂತ್ರಕ್ಕೆ ಬಿಟ್ಟುಕೊಳ್ಳುವುದಿಲ್ಲ. 2007ರಲ್ಲಿ ಮ್ಯಾನ್‌ಹಂಟ್ 2 ಎಂಬ ಗೇಮಿಗೆ ಆ ಮುದ್ರೆ ಬಿದ್ದಾಗ ಕತ್ತರಿ ಆಡಿಸಿ, ‘ಎಂ’ ಮಾಡಿಸಿಕೊಂಡು ಹೊರತರಬೇಕಾಯಿತು. ಕಂಪ್ಯೂಟರಿನಲ್ಲಿ ಅಂಥ ಕಾವಲು ಇಲ್ಲ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ 2018ರಲ್ಲಿ ಕಾನೂನುಬಾಹಿರವಾದದ್ದು, ಬರೀ ಕೆಣಕಲೆಂದೇ ಮಾಡಿದ್ದು ಬಿಟ್ಟು ಮಿಕ್ಕದ್ದಕ್ಕೆಲ್ಲ ಬಾಗಿಲು ತೆರೆಯಿತು. ಜೊತೆಗೆ ಮಾಡ್‌ಗಳು: ಮಕ್ಕಳ ಗೇಮಿಗೂ ಯಾರೋ ಬರೆದ ಏನನ್ನೋ ಸೇರಿಸಿಕೊಳ್ಳಬಹುದು. ತೀರಾ ಕೊನೆಯ ಅಂಚಿನಲ್ಲಿ ಕಂಪ್ಯೂಟರ್ ಹೆಚ್ಚು ಬಿಚ್ಚುಗೈ, ಅಷ್ಟು ಮಾತ್ರ ನಿಜ. ಮಿಕ್ಕಂತೆ ಕಂಪ್ಯೂಟರಿನಲ್ಲಿ ಕಾಣುವ ಗಂಭೀರ ಛಾಯೆ ಕೀಬೋರ್ಡ್ ಮೌಸಿನಿಂದ ಬಂದದ್ದು. ನೂರೆಂಟು ಗುಂಡಿ ಬೇಕಾಗುವ ರಾಜ್ಯ ಕಟ್ಟುವ ಗೇಮ್‌ಗಳು ಅಲ್ಲಿ ಹಗುರ, ಓಟ, ಹೊಡೆದಾಟ, ಫುಟ್‌ಬಾಲ್ ಕಂಟ್ರೋಲರಿನಲ್ಲಿ ಹಗುರ. ಕಷ್ಟದ ಗೇಮು ಎಂದ ಮಾತ್ರಕ್ಕೆ ದೊಡ್ಡವರ ಗೇಮಲ್ಲ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸಿವಿಲೈಸೇಶನ್ ಆಡುವುದನ್ನು ನೋಡಿದ್ದೇನೆ, ಅವಳ ಅಪ್ಪನಿಗೆ ಅದರ ಬುಡ ತುದಿ ಗೊತ್ತಾಗುತ್ತಿರಲಿಲ್ಲ.

ಈಗ ನಿಮ್ಮ ಮಗನ ವಿಷಯ. ಯಂತ್ರಕ್ಕೆ ಮೊದಲು ಅವನು ಆಡಬೇಕೆಂದಿರುವ ಐದಾರು ಗೇಮ್‌ಗಳ ಹೆಸರು ಬರೆಸಿಕೊಳ್ಳಿ. ಒಂದೊಂದರ ಇಎಸ್‌ಆರ್‌ಬಿ ಮುದ್ರೆಯನ್ನೂ ಯುರೋಪಿನ ಪೆಗಿ ಮುದ್ರೆಯನ್ನೂ ಹುಡುಕಿ ನೋಡಿ. ಎರಡೂ ಯಾಕೆಂದರೆ ಅವು ಯಾವಾಗಲೂ ಒಪ್ಪುವುದಿಲ್ಲ: 2018ರ ಸ್ಪೈಡರ್ ಮ್ಯಾನ್ ಗೇಮಿಗೆ ಅಮೆರಿಕದವರು ಹದಿಮೂರು ಅಂದರು, ಪೆಗಿ ಹದಿನಾರು ಅಂದಿತು.

ಮುದ್ರೆಯ ವಯಸ್ಸಿನ ಅಂಕಿಯಷ್ಟನ್ನೇ ನೋಡಿದರೆ ಕಾಣದ ಸಂಗತಿಯೂ ಒಂದಿದೆ, ನನಗೆ ಹೆಚ್ಚು ಸಂಕಟ ಅದರದ್ದೇ. ಫಿಫಾ ಸರಣಿಯ ಫುಟ್‌ಬಾಲ್ ಗೇಮ್‌ಗಳಿಗೆ ಪೆಗಿ ಕೊಡುತ್ತಿದ್ದದ್ದು 3, ಅಂದರೆ ಮೂರು ವರ್ಷದವರೂ ಆಡಬಹುದು. ಅದರೊಳಗೆ ಆಟಗಾರರ ಪ್ಯಾಕ್‌ಗಳನ್ನು ಅಸಲಿ ದುಡ್ಡಿಗೆ ಮಾರುತ್ತಿದ್ದರು. ಒಳಗೆ ಯಾರು ಸಿಗುತ್ತಾರೆ ಎಂಬುದು ಅದೃಷ್ಟ. ಇಂಥ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಂ 2018ರಲ್ಲಿ ಹೇಳಿದ ಮೇಲೆ ಆ ದೇಶದಲ್ಲಿ ಮಾತ್ರ ಆ ಮಾರಾಟ ನಿಂತಿತು. ರಕ್ತವಿಲ್ಲ, ಬೈಗುಳವಿಲ್ಲ, ಮಗು ಫುಟ್‌ಬಾಲ್ ಆಡುತ್ತಿದೆ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ. ದಯವಿಟ್ಟು ನಿಮ್ಮ ಕಾರ್ಡನ್ನು ಯಾವ ಯಂತ್ರದಲ್ಲೂ ಸೇವ್ ಮಾಡಬೇಡಿ.

ಪ್ಲೇಸ್ಟೇಷನ್ ಕೊಂಡರೆ ಮೊದಲ ದಿನವೇ ನಿಮ್ಮ ಹೆಸರಿನಲ್ಲಿ ಖಾತೆ ಮಾಡಿ, ಅದರ ಕೆಳಗೆ ಅವನಿಗೆ ಮಗುವಿನ ಖಾತೆ ತೆರೆಯಿರಿ. ಅವನ ನಿಜವಾದ ಹುಟ್ಟಿದ ದಿನಾಂಕವನ್ನೇ ಹಾಕಿ, ವಯಸ್ಸಿನ ಮಿತಿ, ಆಡುವ ಹೊತ್ತು, ಖರ್ಚು, ಅಪರಿಚಿತರ ಜೊತೆ ಮಾತು ಎಲ್ಲಕ್ಕೂ ಅಲ್ಲೇ ಬೀಗ ಇದೆ. ಕಂಪ್ಯೂಟರಿನಲ್ಲೂ ವಿಂಡೋಸ್ ಖಾತೆಗೆ, ಸ್ಟೀಮ್‌ಗೆ ಇಂಥ ವ್ಯವಸ್ಥೆ ಇದೆ, ಆದರೆ ಎರಡು ಮೂರು ಕಡೆ ಹಾಕಬೇಕು, ಜಾಣ ಹುಡುಗರು ಸಂದು ಹುಡುಕುತ್ತಾರೆ. ಈ ಒಂದು ಕಾರಣಕ್ಕೆ, ಹನ್ನೊಂದರ ಹುಡುಗನಿಗೆ ನಾನು ಕನ್ಸೋಲಿನ ಕಡೆ ವಾಲುತ್ತೇನೆ. ಹಾಲಿನ ಟಿವಿಗೆ ಜೋಡಿಸಿ, ಬಾಗಿಲು ಹಾಕಿಕೊಳ್ಳುವ ಕೋಣೆಗೆ ಬೇಡ. ಪ್ಲೇಸ್ಟೇಷನ್ 5ರ ಜೊತೆಗೇ ಆಸ್ಟ್ರೋಸ್ ಪ್ಲೇರೂಮ್ ಎಂಬ ಗೇಮ್ ಉಚಿತವಾಗಿ ಬರುತ್ತದೆ, ಮೊದಲ ಕೆಲವು ವಾರಕ್ಕೆ ಅದೇ ಧಾರಾಳ. ಅವನ ಪಟ್ಟಿಯಲ್ಲಿ ಬರೀ ಮೈನ್‌ಕ್ರಾಫ್ಟ್, ರೋಬ್ಲಾಕ್ಸ್ ಇದ್ದರೆ ಮಾತ್ರ ಐವತ್ತು ಸಾವಿರ ಸುರಿಯಬೇಡಿ; ಮನೆಯಲ್ಲಿ ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಸಾಕು, ರೋಬ್ಲಾಕ್ಸಿನ ಚಾಟ್ ಮಾತ್ರ ನೀವೇ ಕೂತು ಮುಚ್ಚಿಸಿ.