ಮಂಗಳೂರಿನಲ್ಲಿ ಹೊಳೆ ಬದಿಯ, ಪ್ರಶಾಂತವಾದ, ಬೆಳೆಯುತ್ತಿರುವ ಬಡಾವಣೆಯಲ್ಲಿ ಸೈಟ್ ಕೊಂಡು ಅಪ್ಪ-ಅಮ್ಮನ ಜೊತೆ ನೆಲೆಸಬಹುದೇ? ಅಥವಾ ನಗರದೊಳಗೆ ಫ್ಲಾಟ್ ಸಾಕೇ?

ಡಿಸೆಂಬರಿನಲ್ಲಿ ಜಾಗ ನೋಡಿದೆವು, ಬಾವಿ ನೀರು ಕುಡಿದೆವು, ಸಿಹಿಯಾಗಿತ್ತು ಎಂದು ಬರೆದಿದ್ದೀರಿ. ಡಿಸೆಂಬರಿನಲ್ಲಿ ನಮ್ಮ ಬಾವಿಯೂ ಸಿಹಿಯೇ.

ನಾನೂ ಬೆಂಗಳೂರು ಸಾಕೆಂದು ಊರಿಗೆ ಮರಳಿದವನು. ಮಂಗಳೂರಿನ ಹೊರವಲಯದ ಅಡ್ಯಾರಿನಿಂದ ಕೆಳಗೆ, ಕಣ್ಣೂರು (ಕೇರಳದ್ದಲ್ಲ, ಇಲ್ಲಿಯದೇ) ಕಡೆಯಲ್ಲಿ, ನೇತ್ರಾವತಿಯ ದಡಕ್ಕೆ ಹತ್ತಿರ ಹನ್ನೆರಡು ಸೆಂಟ್ಸ್ ಜಾಗ. ದೀಪಾವಳಿ ಕಳೆದ ಮೇಲೆ ನೋಂದಣಿ ಆಯಿತು. ಸುತ್ತ ತೆಂಗಿನ ತೋಟ, ಆಚೆ ದಡದಲ್ಲಿ ಹರೇಕಳ (ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಹಾಜಬ್ಬರ ಊರು), ಸಂಜೆ ಹೊಳೆಯ ಗಾಳಿ. ಹೊಳೆಯೇ ಪಕ್ಕದಲ್ಲಿರುವಾಗ ನೀರಿಗೇನು ಬರ ಎಂದುಕೊಂಡಿದ್ದೆ.

ಏಪ್ರಿಲಿನಲ್ಲಿ ಸಾಬೂನು ನೊರೆ ಬಿಡಲಿಲ್ಲ. ಬೇಳೆ ಎಷ್ಟು ಸೀಟಿ ಹಾಕಿಸಿದರೂ ಬೇಯಲಿಲ್ಲ. ನಲ್ಲಿಯ ಬಾಯಿಯ ಸುತ್ತ ಬಿಳಿ ಪುಡಿ ಕಟ್ಟಿತು. ಉಗುರಿನಿಂದ ಕೆರೆದರೆ ಮರುದಿನ ಮತ್ತೆ. ಅಂಗಳದ ಮಲ್ಲಿಗೆ ಎಲೆಗಳು ತುದಿಯಿಂದ ಒಳಕ್ಕೆ ಕಂದುತ್ತ ಬಂದವು.

ಮುಂದೆ ನಾನು ಮಾಡಿದ ಕೆಲಸವನ್ನು ದಯವಿಟ್ಟು ನೀವು ಮಾಡಬೇಡಿ. ನೀರು ತಳ ಹಿಡಿದಿದೆ, ಅದಕ್ಕೇ ರುಚಿ ಕೆಟ್ಟಿದೆ, ಇನ್ನೂ ಕೆಳಗೆ ಹೋದರೆ ಒಳ್ಳೆಯ ಒರತೆ ಸಿಗುತ್ತದೆ ಎಂದು ಬಾವಿಯನ್ನು ಆಳ ಮಾಡಿಸಿದೆ. ಪಕ್ಕದ ಮನೆಯ ಅಜ್ಜಿ ಬೇಲಿಯ ಹತ್ತಿರ ಬಂದು, "ಕೆಳಗೆ ಹೋದಷ್ಟೂ ಕಡಲೇ ಸಿಗುವುದು ಮಾರಾಯರೇ, ನಿಲ್ಲಿಸಿ" ಎಂದರು. ಅಜ್ಜಿಗೆ ಏನು ಗೊತ್ತು ಎಂದು ದೊಡ್ಡ ಪಂಪನ್ನೂ ಕೂರಿಸಿದೆ. ಮಳೆ ಹಿಡಿಯುವ ಮೊದಲೇ ಬಾವಿ ಪೂರ್ತಿ ಉಪ್ಪಾಯಿತು, ಗೀಸರಿನ ಕಾಯಿಲ್ ಹೋಯಿತು, ಟ್ಯಾಂಕರಿನವನ ನಂಬರು ಬಾಯಿಪಾಠವಾಯಿತು.

ಅಜ್ಜಿಯ ಮಾತಿನ ಲೆಕ್ಕಾಚಾರ ನನಗೆ ಆಮೇಲೆ ತಿಳಿಯಿತು. ಬೇಸಿಗೆಯಲ್ಲಿ ಹೊಳೆಯ ಹರಿವು ಸೊರಗುತ್ತದೆ. ಇದ್ದಷ್ಟು ಸಿಹಿನೀರನ್ನು ನಗರಕ್ಕೆ ಕುಡಿಯಲೆಂದು ನಮ್ಮಿಂದ ಮೇಲ್ಗಡೆ ಇರುವ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ (ಬಾಗಿಲು ಹಾಕಿ-ತೆಗೆಯುವ ಅಣೆಕಟ್ಟು) ತಡೆದಿಡುತ್ತಾರೆ. ಅಲ್ಲಿಂದ ಕೆಳಗೆ ಕಡಲನ್ನು ಹಿಂದಕ್ಕೆ ತಳ್ಳುವ ಶಕ್ತಿ ಹೊಳೆಗೆ ಉಳಿಯುವುದಿಲ್ಲ. ಭರತದ (ಕಡಲು ಉಬ್ಬುವ) ಹೊತ್ತಿಗೆ ಅಳಿವೆಯಿಂದ ಉಪ್ಪುನೀರು ಏರಿ ಬರುತ್ತದೆ, ಅಮಾವಾಸ್ಯೆ-ಹುಣ್ಣಿಮೆಗೆ ಇನ್ನಷ್ಟು. ನೆಲದಡಿಯಲ್ಲಿಯೂ ಸಿಹಿನೀರು ಹಗುರ, ಅದು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಮಟ್ಟ 1 ಅಡಿ ತಗ್ಗಿದರೆ ಕೆಳಗಿನ ಉಪ್ಪು ಸುಮಾರು 40 ಅಡಿಯವರೆಗೆ ಏರಬಹುದು ಎಂಬುದು ಕರಾವಳಿಯ ಅಂತರ್ಜಲದ ಬಗ್ಗೆ ಇರುವ ಹಳೆಯ ಸೂತ್ರ. ನಾನು ತಳವನ್ನೂ ತೋಡಿಸಿದೆ, ಮೇಲಿನದನ್ನೂ ಪಂಪು ಹಾಕಿ ಎಳೆದೆ. ಅಜ್ಜಿಯ ಬಾವಿಗೆ ಆಳವೂ ಇಲ್ಲ, ಪಂಪೂ ಇಲ್ಲ. ರಾಟೆಯಲ್ಲಿ ಸೇದುವ ನಾಲ್ಕು ಕೊಡಪಾನ ನೀರು ಮೇ ತಿಂಗಳಿನಲ್ಲೂ ಚಹಾಕ್ಕೆ ಆಗುತ್ತದೆ.

ಕೊನೆಗೆ ಬಾವಿಯ ತಳಕ್ಕೆ ಮಣ್ಣು, ಕಲ್ಲು ತುಂಬಿಸಿ ಮೇಲಕ್ಕೆತ್ತಿಸಿದೆ. ತೋಡಿಸಿದ್ದಕ್ಕೂ ಹಣ, ಮುಚ್ಚಿಸಿದ್ದಕ್ಕೂ ಹಣ. ಸಣ್ಣ ಪಂಪು ಹಾಕಿ, ತಾರಸಿಯ ಮಳೆನೀರನ್ನು ಸೋಸಿ ಬಾವಿಗೆ ಬಿಟ್ಟೆ. ಈಗ ಏಪ್ರಿಲ್ ಹೇಗೋ ದಾಟುತ್ತದೆ. ಮೇ ತಿಂಗಳಿಗೆ ಟ್ಯಾಂಕರ್ ತಪ್ಪಿಲ್ಲ.

ಹರೇಕಳ–ಅಡ್ಯಾರ್ ನಡುವೆ ಸೇತುವೆ ಸಹಿತ ಕಿಂಡಿ ಅಣೆಕಟ್ಟು ಬಂದಿದೆಯಲ್ಲ ಎಂದು ನಿಮ್ಮ ಬ್ರೋಕರು ಹೇಳಿಯೇ ಹೇಳುತ್ತಾನೆ. ಹೌದು, ಉಪ್ಪುನೀರು ತಡೆಯಲೆಂದೇ ಕಟ್ಟಿದ್ದು. ಆದರೆ ಅದರ ಉಪಕಾರ ಮೇಲಿನವರಿಗೆ. ನೀವು ನೋಡಿದ ಜಾಗ ಅದರ ಮೇಲೋ ಕೆಳಗೋ, ಅದನ್ನು ಮೊದಲು ಕೇಳಿ. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದರೆ ಕೇಳುವುದೇ ಬೇಡ, ಅಲ್ಲಿಗೆ ಉಪ್ಪು ಬರುತ್ತದೆ.

ಇನ್ನು "ಪ್ರಶಾಂತ, ಬೆಳೆಯುತ್ತಿರುವ" ಎಂದು ಎರಡನ್ನೂ ಒಟ್ಟಿಗೆ ಕೇಳಿದ್ದೀರಿ. ಎರಡೂ ಒಂದೇ ಜಾಗದಲ್ಲಿ ಸಿಗುವುದಿಲ್ಲ. ಬೆಳೆಯುವುದೆಂದರೆ ಬೆಳಗ್ಗೆ ಟಿಪ್ಪರ್, ಮಧ್ಯಾಹ್ನ ಕೆಂಪುಕಲ್ಲು ಕೊಯ್ಯುವ ಯಂತ್ರ, ಗದ್ದೆಗೆ ಸುರಿಯುವ ಮಣ್ಣು. ಗದ್ದೆ ತುಂಬಿದ ಮೇಲೆ ಅದರ ನೀರು ಎಲ್ಲಿಗೆ ಹೋಗಬೇಕು? ಪಕ್ಕದ ತಗ್ಗಿನ ಮನೆಗೆ. ಆದ್ದರಿಂದ ಮುಂದೆ ಬೆಲೆ ಏರುತ್ತದೆ ಎಂಬ ಆಸೆಯಿಂದ ಹೊಳೆ ಬದಿ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬೆಲೆಯೇ ಬೇಕಿದ್ದರೆ ಹೆದ್ದಾರಿ ಬದಿ ಇದೆ. ಅಂದಹಾಗೆ, 1923ರ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರಿಂದ ಕೇಳಿ ಬಲ್ಲ ಮನೆಗಳು ಇಲ್ಲಿ ಈಗಲೂ ಇವೆ. 1974ರದ್ದನ್ನು ಕಣ್ಣಾರೆ ಕಂಡವರೂ ಇದ್ದಾರೆ. ಅವರಲ್ಲಿ ವಿಚಾರಿಸಿ. ಕಾಗದಪತ್ರದಲ್ಲಿ ಕುಮ್ಕಿ ಜಾಗವನ್ನು (ಪಟ್ಟಾ ಜಮೀನಿಗೆ ತಾಗಿದ, ಅನುಭೋಗಕ್ಕಷ್ಟೇ ಬಿಟ್ಟ ಸರ್ಕಾರಿ ಜಾಗ) ವರ್ಗದ, ಅಂದರೆ ಪಟ್ಟಾ ಜಮೀನಿನ, ಜೊತೆ ಸೇರಿಸಿ ತೋರಿಸುತ್ತಿದ್ದಾರೆಯೇ ಎಂದು ವಕೀಲರಿಂದ ನೋಡಿಸಿ.

ಉಡುಪಿಯ ಕಲ್ಯಾಣಪುರ ಕಡೆಯ ಸ್ವರ್ಣಾ ನದಿ ತೀರವನ್ನೂ ಕೇಳಿದ್ದೀರಿ. ಅಲ್ಲಿಯೂ ನಗರದ ಕುಡಿಯುವ ನೀರಿಗೆ ಮೇಲೆ ಬಜೆಯಲ್ಲಿ ಅಣೆಕಟ್ಟು, ಕೆಳಗೆ ಭರತ-ಇಳಿತ. ಹೆಚ್ಚು ವ್ಯತ್ಯಾಸವಿಲ್ಲ.

ಫ್ಲಾಟಿನ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ. ಇಷ್ಟಾದರೂ ನಾನು ಮನೆ ಮಾರಿಲ್ಲ, ಮಾರುವುದೂ ಇಲ್ಲ. ಅಪ್ಪ-ಅಮ್ಮನಿಗೆ ಹೊಳೆ ಬೇಕಿದ್ದರೆ ಕರೆತನ್ನಿ. ಆದರೆ ಮುಂಗಡ ಕೊಡುವುದನ್ನು ಮೇ ತಿಂಗಳ ಹುಣ್ಣಿಮೆಯವರೆಗೆ ಮುಂದೂಡಿ, ಆಗ ಬಂದು ಅದೇ ಬಾವಿಯ ನೀರನ್ನು ಮತ್ತೆ ಕುಡಿಯಿರಿ. ಅಷ್ಟರಲ್ಲಿ ಜಾಗ ಕೈತಪ್ಪುತ್ತದೆ ಎಂದು ಬ್ರೋಕರು ಅವಸರ ಮಾಡಿದರೆ, ತಪ್ಪಲಿ ಬಿಡಿ.