ಕೆರೆಯ ಬಾತುಮರಿಗೆ ಉಪ್ಪು ವಿಷವಾಗುತ್ತಾ?

ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಜನ ಕಾಡುಬಾತಿನ ಮರಿಗಳಿಗೆ ಖಾರಾಬೂಂದಿ, ಚಿಪ್ಸ್ ಎಸೀತಾರೆ, ಅದರಿಂದ ತೊಂದರೆ ಇದೆಯಾ ಅಂತ ಕೇಳಿದ್ದೀರಿ. ಇದೆ. ದೊಡ್ಡ ಬಾತಿಗಿಂತ ಮರಿಗೆ ಜಾಸ್ತಿ.

ಹಕ್ಕಿಗಳ ಮೂತ್ರಪಿಂಡ ಹೆಚ್ಚು ಉಪ್ಪನ್ನು ಹೊರಹಾಕಲಾರದು. ಅದಕ್ಕಾಗಿ ಬಾತುಗಳಿಗೆ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪಿನ ಗ್ರಂಥಿಗಳಿವೆ. ಉಪ್ಪುನೀರು ಅಲ್ಲಿಂದ ಮೂಗಿನ ಹೊಳ್ಳೆಗೆ ಬಂದು ಕೊಕ್ಕಿನ ಮೇಲೆ ಹನಿಯಾಗಿ ಇಳಿಯುತ್ತದೆ. ಸಿಹಿನೀರಲ್ಲೇ ಬೆಳೆದ ಹಕ್ಕಿಯಲ್ಲಿ ಈ ಗ್ರಂಥಿ ಚಿಕ್ಕದು. ಮೊಟ್ಟೆಯೊಡೆದ ಮೊದಲ ಕೆಲವು ದಿನ ಮರಿಯಲ್ಲಂತೂ ಅದು ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಉಪ್ಪಿನ ಸರೋವರಗಳಲ್ಲಿ ಹತ್ತಿರ ಸಿಹಿನೀರು ಸಿಗದೆ ಮರಿಗಳು ಸಾಯುವುದು ಇದೇ ಕಾರಣಕ್ಕೆ.

ನಮ್ಮ ಕೆರೆ ನೀರು ಉಪ್ಪಲ್ಲ, ನಿಜ. ಆದರೆ ಅಂಗೈಯಲ್ಲಿ ಕೂರುವ ಮರಿಗೆ ನಾಲ್ಕು ಚಿಪ್ಸ್ ಸಣ್ಣ ತುತ್ತಲ್ಲ ಅಲ್ವಾ? ಉಪ್ಪಿನಲ್ಲಿರುವ ಸೋಡಿಯಂ ರಕ್ತದಲ್ಲಿ ಏರಿದರೆ ಮಿದುಳಿನ ಜೀವಕೋಶಗಳಿಂದ ನೀರು ಹೊರಬರುತ್ತದೆ. ಮರಿ ತೂರಾಡುತ್ತದೆ, ನಡುಗುತ್ತದೆ, ಕತ್ತು ಹಿಂದಕ್ಕೆ ಸೆಟೆದುಕೊಳ್ಳುತ್ತದೆ.

ಅಂಥ ಮರಿ ಕಂಡರೆ ಬಾಯಿಗೆ ನೀರು ಸುರಿಯಬೇಡಿ. ಒಮ್ಮೆಲೇ ಜಾಸ್ತಿ ನೀರು ಹೋದರೆ ಮಿದುಳು ಊದಿಕೊಳ್ಳಬಹುದು. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಬೆಚ್ಚಗಿಟ್ಟು, ಅರಣ್ಯ ಇಲಾಖೆಗೆ ಅಥವಾ ಪಶುವೈದ್ಯರಿಗೆ ತಿಳಿಸಿ. ಮನೆಗೊಯ್ದು ಸಾಕುವುದು ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವಕ್ಕೂ ಅನ್ವಯಿಸುತ್ತದೆ. ಇನ್ನು ತಿಂಡಿ ವಿಷಯ: ಹುಳ, ಪಾಚಿ, ಹುಲ್ಲಿನ ಬೀಜ ಕೆರೆಯಲ್ಲೇ ಸಿಗುತ್ತವೆ, ನಾವು ಏನೂ ಹಾಕಬೇಕಿಲ್ಲ.