ಮೂರನೇ ಕ್ಲಾಸಿನ ಮಗನನ್ನ ಯಾರೂ ಆಟಕ್ಕೆ ಸೇರಿಸಿಕೊಳ್ಳಲ್ಲ, ಯಾವ ಟೆಸ್ಟ್ ಮಾಡಿಸಬೇಕು?

ಸದ್ಯಕ್ಕೆ ಯಾವ ಟೆಸ್ಟೂ ಬೇಡ. ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಂತೂ ಬೇಡವೇ ಬೇಡ. ‘ನಾಚಿಕೆ ಸ್ವಭಾವ’ ಅಂತ ಟೀಚರ್ ಹೇಳಿದ್ದನ್ನ ಬರೆದಿದ್ದೀರಿ, ಸಿಂಧನೂರು ಹತ್ತಿರದ ಕ್ಯಾಂಪು (ವಲಸೆ ಬಂದವರ ಊರು), ಮನೆಯಲ್ಲಿ ತೆಲುಗು ಅಂತಲೂ ಬರೆದಿದ್ದೀರಿ. ನಾನಾದರೆ ಎರಡನೇ ಮಾತನ್ನೇ ಮೊದಲು ಹಿಡಿಯುತ್ತೇನೆ. ಶಾಲೆಯಲ್ಲಿ ಬಾಯಿ ಬಿಡದ ಹುಡುಗ ಓಣಿಯಲ್ಲಿ ತೆಲುಗಿನಲ್ಲಿ ಜಗಳಾಡಿ, ರಾಜಿಯಾಗಿ, ಮತ್ತೆ ಆಡುತ್ತಿದ್ದರೆ ಅವನಿಗೆ ಬೆರೆಯೋದು ಗೊತ್ತಿದೆ. ಕನ್ನಡ ಸಾಲುತ್ತಿಲ್ಲ ಅಷ್ಟೇ. ಗುಳೆ ಹೋಗಿ ಬಂದ ಮಕ್ಕಳಿಗೂ ಹೀಗೇ ಆಗುತ್ತದೆ: ಅವರು ಬರುವಷ್ಟರಲ್ಲಿ ಗುಂಪುಗಳು ಕೂಡಿಬಿಟ್ಟಿರುತ್ತವೆ.

ಎರಡೂ ಕಡೆ ಒಂಟಿಯಾಗಿದ್ದರೆ, ಬಿಸಿಯೂಟದ ನಂತರ ದೂರ ನಿಂತು ಹದಿನೈದು ನಿಮಿಷ ನೋಡಿ. ಬೇರೆ ಬೇರೆ ದಿನ, ಅವನಿಗೆ ಗೊತ್ತಾಗದಂತೆ. ಲಗೋರಿ ನಡೆದಿರುವಾಗ ಅವನು ಒಳಗೆ ಸೇರೋ ಆ ಒಂದು ನಿಮಿಷವೇ ಮುಖ್ಯ. ಸೇರಲು ಬಲ್ಲ ಮಗು ಪಕ್ಕದಲ್ಲಿ ನಿಂತು ನೋಡುತ್ತೆ, ಹೊರಗೆ ಬಂದ ಚೆಂಡು ಎತ್ತಿ ಕೊಡುತ್ತೆ, ಆಟದ ಬಗ್ಗೆಯೇ ಒಂದು ಮಾತಾಡಿ ಒಳಗೆ ಸೇರುತ್ತೆ. ಸೇರೋಕೆ ಬಾರದ ಮಗು ಚೆಂಡು ಕಸಿಯುತ್ತೆ, ಬಂದವನೇ ‘ಹಿಂಗಲ್ಲ ಆಡೋದು’ ಅಂತ ರೂಲ್ ತಿದ್ದುತ್ತೆ. ಇನ್ನು ಕೆಲವರು ಗೋಡೆ ಬಿಟ್ಟು ಅಲುಗಲ್ಲ.

ಈ ಕಸಿಯೋನು, ಗೋಡೆಗೆ ನಿಂತೋನು ಒಂದೇ ಅಲ್ಲ. ಮನಶ್ಶಾಸ್ತ್ರಜ್ಞರಾದ ಕೋಯಿ, ಡಾಡ್ಜ್ ಮತ್ತು ಸಂಗಡಿಗರು 1982ರಲ್ಲಿ, ಯಾರು ಇಷ್ಟ, ಯಾರು ಇಷ್ಟವಿಲ್ಲ ಅಂತ ಎರಡನ್ನೂ ಮಕ್ಕಳ ಹತ್ತಿರ ಕೇಳಿ, ‘ಬೇಡವಾದವರು’, ‘ಯಾರ ಲೆಕ್ಕಕ್ಕೂ ಬಾರದವರು’ ಬೇರೆ ಬೇರೆ ಅಂತ ವಿಂಗಡಿಸಿದ್ದರು. ಇದನ್ನ ನೀವು ಕ್ಲಾಸಲ್ಲಿ ಕೇಳಿಸಲು ಹೋಗಬೇಡಿ.

ಇಲ್ಲಿ ಹೆಚ್ಚಿನವರು ಎಡವೋದು ಒಂದೇ ಕಡೆ: ‘ಇವನನ್ನೂ ಸೇರಿಸ್ಕೊಳ್ರಿ’ ಅಂತ ಟೀಚರಿಂದ ಹೇಳಿಸೋದು. ಟೀಚರ್ ಇರೋತನಕ ಸೇರಿಸಿಕೊಳ್ಳುತ್ತಾರೆ. ಆಮೇಲೆ ಅವನಿಗೆ ಚೆಂಡು ತರೋ ಕೆಲಸ, ಸೋತರೆ ಬೈಗುಳವೂ ಅವನಿಗೇ. ಬೇಡವಾದವನ ಮೇಲಿನ ಸಿಟ್ಟು ಗಟ್ಟಿಯಾಗುತ್ತೆ. ಯಾರ ಕಣ್ಣಿಗೂ ಬೀಳದೆ ಇದ್ದವನು ಈಗ ‘ಟೀಚರ್ ಚಮಚಾ’ ಆಗಿ ಕಣ್ಣಿಗೆ ಬೀಳುತ್ತಾನೆ. ಅದರ ಬದಲು ಮೆತ್ತಗಿನ ಸ್ವಭಾವದ ಒಬ್ಬನೇ ಜೊತೆಗಾರನನ್ನ ಕೊಡಿಸಿ. ನೋಟ್‌ಬುಕ್ ಹಂಚೋದೋ, ಗಿಡಕ್ಕೆ ನೀರು ಹಾಕೋದೋ, ಇಬ್ಬರೇ ಮಾಡೋ ಕೆಲಸ ಇರಲಿ. ಮೂರ್ನಾಲ್ಕು ವಾರ ಜೋಡಿ ಬದಲಿಸಬೇಡಿ. ಕಸಿಯೋ ಹುಡುಗನಿಗೆ ಇದರ ಜೊತೆಗೆ ಆಟಕ್ಕೆ ಸೇರೋ ಆ ಮೂರು ಹೆಜ್ಜೆಯನ್ನ ಮನೆಯಲ್ಲಿ ಆಡಿಸಿ ಕಲಿಸಬೇಕು.

ಪ್ರಶ್ನಾವಳಿ ಬೇಕೇ ಬೇಕು ಅಂದರೆ ಮಕ್ಕಳ ಮನೋವೈದ್ಯ ಗುಡ್‌ಮನ್ 1997ರಲ್ಲಿ ತಂದ ಎಸ್‌ಡಿಕ್ಯೂ (ಮಕ್ಕಳ ಬಲ, ತೊಂದರೆಗಳನ್ನ ಕೇಳುವ ಪ್ರಶ್ನಾವಳಿ) ಇದೆ: 25 ವಾಕ್ಯ, ಅದರಲ್ಲಿ 5 ಓರಗೆಯವರ ಜೊತೆಗಿನ ತೊಂದರೆಗೆ. ನೀವೂ ಟೀಚರೂ ಬೇರೆ ಬೇರೆ ತುಂಬಿ. ತೊಂದರೆ ಎಷ್ಟು ಅಂತ ಅದು ಹೇಳುತ್ತೆ, ಯಾಕೆ ಅಂತ ಹೇಳಲ್ಲ.

ತೆಲುಗಿನಲ್ಲೂ ಕರೆದರೆ ತಿರುಗಲ್ಲ, ಬರುತ್ತಿದ್ದ ಮಾತು ಕಡಿಮೆಯಾಗಿದೆ ಅಂದರೆ ಮಾತ್ರ ಕಾಯಬೇಡಿ. ಸರ್ಕಾರಿ ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡಕ್ಕೆ ತೋರಿಸಿ, ಇಲ್ಲವೇ ನೇರ ಜಿಲ್ಲಾಸ್ಪತ್ರೆಗೆ ಹೋಗಿ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸೋರೋ ಮಗುವಿಗೆ ಮೈದಾನದ ಗದ್ದಲದಲ್ಲಿ ‘ಔಟ್’ ಅಂದದ್ದೇ ಕೇಳಿಸಲ್ಲ, ಉಳಿದವರು ಮೋಸ ಮಾಡ್ತಾನೆ ಅಂತ ಅವನನ್ನ ಬಿಟ್ಟು ಆಡ್ತಾರೆ.